ಮುದ್ದೆ ಆರುತ್ತಿದೆ, ತಮ್ಮ ಬಾಲ್ಕನಿಯಲ್ಲಿದ್ದಾನೆ

ಪ್ರಶ್ನೆ: ನನಗೆ 28 ವರ್ಷ, ಮದ್ದೂರು ಕಡೆಯವಳು. ವಿಜಯನಗರದಲ್ಲಿ ಬಾಡಿಗೆ ಮನೆ, ಅಗ್ರಿಮೆಂಟ್ ನನ್ನ ಹೆಸರಲ್ಲಿದೆ. ಒಂದು ವರ್ಷದಿಂದ ತಮ್ಮ ಜೊತೆಗಿದ್ದಾನೆ. ಅವನಿಗೆ 23, ಇಲ್ಲೇ ಕೆಲಸ. ಮನೆಗೆ ಬಂದವನೇ ಹೆಡ್‌ಫೋನ್ ಹಾಕಿಕೊಂಡು ಗೇಮ್‌ಗೆ ಕೂರುತ್ತಾನೆ. ಆಮೇಲೆ ಬಾಲ್ಕನಿಗೆ ಹೋಗಿ ಗಾಂಜಾ ಸೇದುತ್ತಾನೆ. ಮೊದಲು ವಾರಕ್ಕೊಮ್ಮೆ ಇತ್ತು, ಈಗ ದಿನಾ. ಕೇಳಿದರೆ "ಸೊಪ್ಪು ಅಕ್ಕ ಅದು, ಗಿಡದಲ್ಲಿ ಬೆಳೆಯೋದು. ಕುಡಿಯೋದಕ್ಕಿಂತ ವಾಸಿ" ಅನ್ನುತ್ತಾನೆ. ನಾನು ಆಫೀಸಿಂದ ಬಂದು ಬಸ್ಸಾರು, ಮುದ್ದೆ ಮಾಡಿರುತ್ತೇನೆ. ಮುಚ್ಚಿಟ್ಟ ತಟ್ಟೆ ಮುಚ್ಚಿದ ಹಾಗೇ ಇರುತ್ತದೆ. ರಾತ್ರಿ ಒಂದು ಗಂಟೆಗೆ ಬಿರಿಯಾನಿ ತರಿಸುತ್ತಾನೆ. ಅಮ್ಮ ಫೋನ್ ಮಾಡಿ "ಊಟ ಮಾಡಿದ್ನಾ?" ಅಂದರೆ "ಹೂಂ" ಅನ್ನುತ್ತೇನೆ. ಅಪ್ಪನಿಗೆ ಹೇಳಿದರೆ ಊರಿಗೆ ಎಳೆದುಕೊಂಡು ಹೋಗುತ್ತಾರೆ. ಹೇಳದಿದ್ದರೆ ನಾನೇ ಬಚ್ಚಿಟ್ಟ ಹಾಗೆ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದುವಾಗ ಆ ಮುಚ್ಚಿಟ್ಟ ತಟ್ಟೆ ಕಣ್ಣ ಮುಂದೆ ಬಂತು. ಆಫೀಸಿಂದ ಬಂದು, ಸೊಪ್ಪು ಕಾಳು ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಸುಟ್ಟು, ಕಾಯಿ ಹುಣಸೆ ಹಾಕಿ ರುಬ್ಬಿ, ಗಂಟಿಲ್ಲದ ಹಾಗೆ ಮುದ್ದೆ ತಿರುವಿ ಇಟ್ಟಿದ್ದನ್ನು ಯಾರೂ ಮುಟ್ಟದಿದ್ದರೆ ಹೊಟ್ಟೆ ಉರಿಯುತ್ತದೆ. ಆ ನೋವು ಸಣ್ಣದೇನಲ್ಲ.

ಆದರೆ ಗೇಮ್, ಗಾಂಜಾ, ಊಟ, ಮೂರನ್ನೂ ನೀವು ಒಂದೇ ಪಾತ್ರೆಗೆ ಹಾಕಿ ಕುದಿಸುತ್ತಿದ್ದೀರಿ. ಜಗಳದಲ್ಲೂ ಮೂರೂ ಒಟ್ಟಿಗೇ ಬರುತ್ತಿರಬೇಕು. ಆಗ ಅವನ ಕಿವಿಗೆ ಬೀಳುವುದು ಒಂದೇ ಮಾತು: "ನೀನು ಮಾಡೋದೆಲ್ಲಾ ತಪ್ಪು." ಅಷ್ಟು ಕೇಳಿದ ಮೇಲೆ ಯಾರೂ ಹೆಡ್‌ಫೋನ್ ತೆಗೆಯುವುದಿಲ್ಲ. ಮೂರನ್ನೂ ಬೇರೆ ಮಾಡಿ. ಗಟ್ಟಿಯಾಗಿ ನಿಲ್ಲಬೇಕಾದ್ದು ಒಂದೇ ವಿಷಯದಲ್ಲಿ, ಗಾಂಜಾ.

ಗೇಮ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಯಾರ ಜೊತೆ ಆಡುತ್ತಾನೆ ಅಂತ ಒಮ್ಮೆ ಕೇಳಿ ನೋಡಿ. ಊರಿನ ಹಳೇ ಗೆಳೆಯರೇ ಆಗಿದ್ದರೂ ಆಗಿರಬಹುದು. ನಮ್ಮೂರುಗಳಲ್ಲಿ ಹುಡುಗರು ಸಂಜೆ ಅರಳಿಕಟ್ಟೆ ಮೇಲೆ ಕೂತು ಹರಟುತ್ತಿದ್ದರಲ್ಲ, ಈ ಊರಿನಲ್ಲಿ ಅವನಿಗೆ ಸಿಕ್ಕಿರುವ ಕಟ್ಟೆ ಅದು. ಇನ್ನೊಂದು ವಿಷಯ. ನಾಲ್ವರು ತಂಡವಾಗಿ ಆಡುವ ಬಿಜಿಎಂಐ ಥರದ ಮೊಬೈಲ್ ಆಟಗಳಲ್ಲಿ ಒಂದು ಮ್ಯಾಚ್ ಅರ್ಧ ಗಂಟೆ ಹಿಡಿಯುತ್ತದೆ, ನಡುವೆ ನಿಲ್ಲಿಸಲು ಬರುವುದಿಲ್ಲ. ಎದ್ದು ಹೋದರೆ ಜೊತೆಗಿರುವ ಮೂವರ ಆಟವೂ ಕೆಡುತ್ತದೆ. ಅವನು "ಐದೇ ನಿಮಿಷ ಅಕ್ಕ" ಅನ್ನುವಾಗ ನಿಮ್ಮ ಮುದ್ದೆ ಆರುತ್ತಿರುತ್ತದೆ. ಆಟವನ್ನೂ ನಿಲ್ಲಿಸಲಾಗದು, ಮುದ್ದೆಯನ್ನೂ ಕಾಯಿಸಲಾಗದು. ಅದಕ್ಕೇ ನೀರು ಎಸರಿಡುವ ಮುಂಚೆ ಕೇಳಿ: "ಈ ಮ್ಯಾಚ್ ಆದಮೇಲೆ ಬರ್ತೀಯಾ? ಆಗ ಹಿಟ್ಟು ಹಾಕ್ತೀನಿ."

ನನ್ನ ಮಗ ಹೀಗೇ ಆಡುತ್ತಿದ್ದಾಗ ನಾನು ಒಮ್ಮೆ ಸಿಟ್ಟಿನಲ್ಲಿ ವೈಫೈ ವೈರ್ ಕಿತ್ತುಹಾಕಿದ್ದೆ. ಮೂರು ದಿನ ಮಾತು ಬಿಟ್ಟ. ಊಟಕ್ಕಂತೂ ಬರಲೇ ಇಲ್ಲ. ನೀವು ಆ ತಪ್ಪು ಮಾಡಬೇಡಿ.

ಆಟ ಕಾಯಿಲೆಯಾಗುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ಜಾಸ್ತಿ ಹೊತ್ತು ಆಡುವುದೇ ಕಾಯಿಲೆಯಲ್ಲ. ಆಟ ಕೈಮೀರಿರಬೇಕು, ಕೆಲಸ, ನಿದ್ದೆ, ಮನೆಯವರಿಗಿಂತ ಅದೇ ಮುಖ್ಯವಾಗಿರಬೇಕು, ನಷ್ಟ ಕಣ್ಣಿಗೆ ಕಂಡರೂ ಬಿಡಲಾಗದಿರಬೇಕು. ಸಾಮಾನ್ಯವಾಗಿ ಇದು ಒಂದು ವರ್ಷವಾದರೂ ಹೀಗೇ ನಡೆದಿರಬೇಕು. ನಿಮ್ಮ ತಮ್ಮ ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದಾನೆ. ಮುಂದೆ ಅನುಮಾನ ಬಂದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಸದ್ಯಕ್ಕೆ ಈ ವಿಷಯ ಬಿಡಿ.

ಈಗ ಬಾಲ್ಕನಿಗೆ ಬರೋಣ. ಅವನು ಸೊಪ್ಪು ಅನ್ನುತ್ತಾನೆ, ಹುಡುಗರೆಲ್ಲಾ ಹಾಗೇ ಅನ್ನುತ್ತಾರೆ. ಆದರೆ ಗಾಂಜಾ ಅನ್ನುವುದು ಸೊಪ್ಪಲ್ಲ, ಆ ಗಿಡದ ಹೂವಿನ ತುದಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಹೇಳುವುದೂ ಅದನ್ನೇ. ಬರೀ ಎಲೆಯನ್ನು ಕಾಯ್ದೆ ಹೊರಗಿಟ್ಟಿದೆ, ಹೂವನ್ನಲ್ಲ. ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಟ್ಟುಕೊಂಡದ್ದು ಒಂದು ಕೆಜಿಯೊಳಗಿದ್ದರೂ ಒಂದು ವರ್ಷದವರೆಗೆ ಜೈಲಾಗಬಹುದು. ಕೆನಡಾದಲ್ಲಿ 2018ರಿಂದ ಕಾನೂನಿನ ಒಪ್ಪಿಗೆ ಇದೆ, ನಿಜ. ವಿಜಯನಗರದ ಬಾಲ್ಕನಿಗೆ ಆ ಕಾನೂನು ಬರುವುದಿಲ್ಲ.

ನಿಮಗೆ ಬಹುಶಃ ಗೊತ್ತಿಲ್ಲದ ಒಂದು ವಿಷಯವನ್ನೂ ಹೇಳಬೇಕು. ಅದೇ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಮನೆ ಯಾರ ಕೈಯಲ್ಲಿದೆಯೋ ಅವರು ಗೊತ್ತಿದ್ದೂ ಅಲ್ಲಿ ಇಂಥದ್ದಕ್ಕೆ ಬಿಟ್ಟರೆ ಅವರಿಗೂ ಅದೇ ಶಿಕ್ಷೆ. ಅಗ್ರಿಮೆಂಟ್ ನಿಮ್ಮ ಹೆಸರಲ್ಲಿದೆ. ಹಾಗಾಗಿ "ಅವನ ಜೀವನ, ಅವನ ಇಷ್ಟ" ಅಂತ ಸುಮ್ನೆ ಇರಲು ನಿಮಗೆ ಆಗುವುದಿಲ್ಲ. ನಿಮ್ಮನ್ನು ಹೆದರಿಸಲು ಈ ಮಾತು ಹೇಳುತ್ತಿಲ್ಲ. ತಮ್ಮನ ಮುಂದೆ ಕೂತಾಗ ಅಳು, ಆಣೆ, ಅಮ್ಮನ ಬಿಪಿ ಇವೆಲ್ಲಾ ಬೇಡ, ಇದೊಂದು ಸಾಕು. "ಈ ಮನೆಯಲ್ಲಿ ಆಗಲ್ಲ ಕಣೋ. ಇದು ನನ್ನ ಹೆಸರಲ್ಲಿರೋ ಮನೆ. ಇವತ್ತಿಂದ ಒಳಗೆ ತರಬಾರದು." ಇಷ್ಟೇ ಹೇಳಿ ನಿಲ್ಲಿಸಿ. ಭಾನುವಾರ ಬೆಳಿಗ್ಗೆ ಹೇಳಿ, ಅವನ ತಲೆ ತಿಳಿಯಾಗಿರುವಾಗ. ಸೇದಿ ಬಂದಾಗ ಹೇಳಿದ ಮಾತು ನೀರಲ್ಲಿ ಹೋಮ.

"ಕುಡಿಯೋದಕ್ಕಿಂತ ವಾಸಿ" ಅನ್ನುವ ಮಾತಿಗೆ ವಾದ ಮಾಡಲು ಹೋಗಬೇಡಿ, ಅದು ಮುಗಿಯುವುದಿಲ್ಲ. ನನಗೆ ಆತಂಕವಾಗಿದ್ದು ನಿಮ್ಮ ಪತ್ರದ ಒಂದು ಸಾಲಿಗೆ: ಮೊದಲು ವಾರಕ್ಕೊಮ್ಮೆ, ಈಗ ದಿನಾ. ಸಣ್ಣ ವಯಸ್ಸಿನಲ್ಲಿ ದಿನಾ ಸೇದುವವರಲ್ಲಿ ಕೆಲವರಿಗೆ ಯಾರೋ ಮಾತಾಡಿದ ಹಾಗೆ ಕೇಳುವುದು, ಎಲ್ಲರ ಮೇಲೂ ಅನುಮಾನ ಪಡುವುದು ಶುರುವಾಗುತ್ತದೆ. ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ ಅಪಾಯ ಇನ್ನೂ ಜಾಸ್ತಿ. ನಿಮ್ಮ ಕುಟುಂಬದಲ್ಲಿ ಇತ್ತಾ? ದೊಡ್ಡವರನ್ನು ಮೆಲ್ಲಗೆ ಕೇಳಿ ತಿಳಿದುಕೊಳ್ಳಿ. ಸೇದಿದ ಮೇಲೆ ಗಾಡಿ ತೆಗೆಯುತ್ತಾನಾ, ಅದನ್ನೂ ನೋಡಿ. ತೆಗೆಯುತ್ತಿದ್ದರೆ ರಾತ್ರಿ ಕೀ ನಿಮ್ಮ ಹತ್ತಿರ ಇರಲಿ. ಈ ವಿಷಯದಲ್ಲಿ ಅವನ ಒಪ್ಪಿಗೆ ಬೇಕಿಲ್ಲ.

ರಾತ್ರಿ ಒಂದು ಗಂಟೆಯ ಬಿರಿಯಾನಿಗೂ ನಿಮ್ಮ ಕೈರುಚಿಗೂ ಸಂಬಂಧವಿಲ್ಲ. ಗಾಂಜಾ ಹಸಿವು ಕೆರಳಿಸುತ್ತದೆ. ನಾಲಿಗೆ ಎಣ್ಣೆ, ಉಪ್ಪು, ಸಿಹಿ ಕೇಳುತ್ತದೆ. ಆ ಹೊತ್ತಿಗೆ ತಣ್ಣಗಾದ ಮುದ್ದೆ ಗಟ್ಟಿಯಾಗಿರುತ್ತದೆ, ಯಾರಿಗೂ ಬೇಡ. ಬಿಟ್ಟಾಗ ಇದರ ಉಲ್ಟಾ ಆಗುತ್ತದೆ. ದಿನಾ ಸೇದುವವರು ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಸಿಡುಕು ಶುರು. ನಿದ್ದೆ ಬರುವುದಿಲ್ಲ, ಬಂದರೆ ಕೆಟ್ಟ ಕನಸು. ಅನ್ನ ಸೇರುವುದಿಲ್ಲ. ಮೊದಲ ವಾರ ಜಾಸ್ತಿ ಕಷ್ಟ, ಹೆಚ್ಚಿನವರಿಗೆ ಎರಡು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಅವನು ತಟ್ಟೆ ತಳ್ಳಿದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದೊಡ್ಡ ಅಡುಗೆ ಮಾಡಬೇಡಿ. ಮೆತ್ತಗಿನ ಅನ್ನ, ತಿಳಿಸಾರು, ಒಂದು ಲೋಟ ಮಜ್ಜಿಗೆ ಸಾಕು. "ಯಾಕೋ ತಿನ್ನಲ್ಲ" ಅಂತ ಹಿಂದೆ ಬೀಳಬೇಡಿ.

ಒಬ್ಬನೇ ಬಿಡಲಾಗದಿದ್ದರೆ ಸಹಾಯ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು, ಅವನೇ ಮಾಡಬೇಕೆಂದಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ಆಸ್ಪತ್ರೆಗೆ ಹೋದರೆ ಪೊಲೀಸರ ಕೈಗೆ ಸಿಕ್ಕಿಬೀಳುತ್ತೇನೆ ಅಂತ ಹುಡುಗರು ಹೆದರುತ್ತಾರೆ. ಆದರೆ ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಮುಂದೆ ಬಂದರೆ, ಸೇದಿದ್ದಕ್ಕೆ ಅಥವಾ ಸ್ವಲ್ಪ ಇಟ್ಟುಕೊಂಡದ್ದಕ್ಕೆ ಹಾಕಿದ ಮೊಕದ್ದಮೆಯಿಂದ ಅದೇ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮುಗಿಸಬೇಕು, ಅಷ್ಟೇ.

ಇನ್ನು ಅಡುಗೆ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಬ್ಬರೂ ದುಡಿಯುತ್ತೀರಿ. ದಿನಾ ನೀವೊಬ್ಬರೇ ಯಾಕೆ ಒಲೆ ಮುಂದೆ ನಿಲ್ಲಬೇಕು? ನೀವು ಅಕ್ಕ, ಅವನಿಗೆ ಅಮ್ಮನಲ್ಲ. ವಾರದಲ್ಲಿ ಎರಡು ರಾತ್ರಿ ಅಡುಗೆ ಅವನದು. ಚಿತ್ರಾನ್ನ ಮಾಡಲಿ, ಮೊಟ್ಟೆ ಸಾರು ಮಾಡಲಿ, ಉಪ್ಪು ಜಾಸ್ತಿಯಾದರೂ ಇಬ್ಬರೂ ತಿನ್ನಿ. ಇದನ್ನು ಗಾಂಜಾದ ಶಿಕ್ಷೆ ಅಂತ ಹೇಳಬೇಡಿ. ಗಾಂಜಾ ಇಲ್ಲದಿದ್ದರೂ ಇದು ನ್ಯಾಯವೇ.

ಅಪ್ಪನಿಗೆ ಈಗಲೇ ಹೇಳಬೇಡಿ. ಎಳೆದುಕೊಂಡು ಹೋದರೆ ಕೆಲಸ ಹೋಗುತ್ತದೆ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ, ಚಟ ಮಾತ್ರ ಅವನ ಜೊತೆ ಬಸ್ ಹತ್ತುತ್ತದೆ. ಮೊದಲು ತಮ್ಮನಿಗೇ ಒಂದು ತಿಂಗಳು ಕೊಡಿ. "ಆಗಲೂ ಮನೆಯೊಳಗೆ ತಂದರೆ ಅಪ್ಪನಿಗೆ ನಾನೇ ಹೇಳ್ತೀನಿ, ನಿನ್ನ ಮುಂದೇನೇ" ಅಂತ ತಿಳಿಸಿಬಿಡಿ. ಬೆನ್ನ ಹಿಂದೆ ಬೇಡ. ಅನುಮಾನದ ಮಾತು, ಇಲ್ಲದ ದನಿ ಕೇಳುವುದು ಕಂಡರೆ ಮಾತ್ರ ತಿಂಗಳು ಕಾಯಬೇಡಿ. ಅವತ್ತೇ ಆಸ್ಪತ್ರೆ, ಅವತ್ತೇ ಅಪ್ಪನಿಗೆ ಫೋನ್.

ಅಮ್ಮನಿಗೆ ಹೇಳುತ್ತಿರುವ ಆ "ಹೂಂ" ಇವತ್ತೇ ನಿಲ್ಲಲಿ. ರಾತ್ರಿ ಅವರು "ಊಟ ಮಾಡಿದ್ನಾ?" ಅಂದರೆ "ತಾಳಮ್ಮ, ಅವನನ್ನೇ ಕೇಳು" ಅನ್ನಿ. ಒಂದು ಕಿವಿಯ ಹೆಡ್‌ಫೋನ್ ಸರಿಸಿ ಫೋನ್ ಅವನ ಕೈಗೆ ಕೊಡಿ.