‘ನೈಸ್’ ಅಂದರೆ ದಡ್ಡ ಅಂತಲಾ?

ಪ್ರಶ್ನೆ: ‘ನೈಸ್’ ಅನ್ನೋ ಇಂಗ್ಲಿಷ್ ಪದಕ್ಕೆ ಮೊದಲು ‘ದಡ್ಡ’ ಅಂತ ಅರ್ಥ ಇತ್ತು ಅಂತ ಮಗಳ ಟೀಚರ್ ಹೇಳಿದರಂತೆ. ನನಗೆ ನಂಬಿಕೆ ಬರಲಿಲ್ಲ. ದಿನಕ್ಕೆ ಹತ್ತು ಸಲ ನೈಸ್ ಅಂತೀವಿ, ಅದೂ ಹೊಗಳೋಕೆ. ಇದು ನಿಜವಾ? ಫ್ರಾನ್ಸಿನ ನೀಸ್ ನಗರಕ್ಕೂ ಇದಕ್ಕೂ ಸಂಬಂಧ ಇದೆಯಾ? ಎರಡರ ಸ್ಪೆಲಿಂಗೂ ಒಂದೇ ಅಲ್ವಾ?

ಉತ್ತರ: ಟೀಚರ್ ಹೇಳಿದ್ದು ನಿಜ. ನೀಸ್ ನಗರದ ಮಾತು ಮೊದಲು ಮುಗಿಸಿಬಿಡೋಣ. ಅದು ಗ್ರೀಕರು ಕಟ್ಟಿದ ಊರು, ಹೆಸರು ಬಂದದ್ದು ಗೆಲುವು ಅನ್ನೋ ಅರ್ಥದ ‘ನೈಕೆ’ಯಿಂದ. ನಮ್ಮ ನೈಸ್‌ಗೂ ಅದಕ್ಕೂ ಯಾವ ನಂಟೂ ಇಲ್ಲ.

ಇನ್ನು ನೈಸ್. ಲ್ಯಾಟಿನ್‌ನಲ್ಲಿ ‘ನೆಸ್ಕಿಯಸ್’ ಅಂತ ಒಂದು ಪದ. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು. ಎರಡೂ ಸೇರಿದರೆ ‘ಏನೂ ತಿಳಿಯದವನು’. ಸೈನ್ಸ್ ಹುಟ್ಟಿದ್ದೂ ಇದೇ ಸ್ಕೀರೆಯಿಂದ. ಒಂದೇ ಬೇರಿನಿಂದ ಒಂದು ಕಡೆ ತಿಳಿವಳಿಕೆ, ಇನ್ನೊಂದು ಕಡೆ ತಿಳಿಗೇಡಿತನ! ಹಳೆಯ ಫ್ರೆಂಚ್ ಮೂಲಕ ಸುಮಾರು 1300ರ ಹೊತ್ತಿಗೆ ಇದು ಇಂಗ್ಲಿಷಿಗೆ ಬಂತು. ಆಗ ಯಾರನ್ನಾದರೂ ನೈಸ್ ಅಂದರೆ ಅದು ಬೈಗುಳವೇ.

ಆಮೇಲೆ ಅದು ಒಂದೊಂದೇ ಹೆಜ್ಜೆ ಜರುಗಿತು. ದಡ್ಡನಿಂದ ಅಂಜುಬುರುಕ, ಅಲ್ಲಿಂದ ಯಾವುದೂ ಸುಲಭಕ್ಕೆ ಹಿಡಿಸದವನು, ಎಲ್ಲದಕ್ಕೂ ಕೊಸರಾಡುವವನು. ಹಾಗೆ ಕೊಸರಾಡುವವನಿಗೆ ಸಣ್ಣ ಸಣ್ಣ ವ್ಯತ್ಯಾಸವೂ ಕಾಣುತ್ತದೆ ನೋಡಿ, ಅದಕ್ಕೇ ‘ನಾಜೂಕು’, ‘ಕರಾರುವಾಕ್ಕು’ ಅನ್ನೋ ಅರ್ಥಗಳೂ ಸೇರಿಕೊಂಡವು. ಇವತ್ತಿಗೂ ಇಂಗ್ಲಿಷಿನಲ್ಲಿ ‘ಎ ನೈಸ್ ಡಿಸ್ಟಿಂಕ್ಷನ್’ ಅಂತ ಬರೆದಿದ್ದರೆ ಅದು ಚೆಂದದ ವ್ಯತ್ಯಾಸ ಅಲ್ಲ, ಸೂಕ್ಷ್ಮವಾದ ವ್ಯತ್ಯಾಸ. ಮಗಳಿಗೆ ಇದನ್ನು ಮರೆಯದೆ ಹೇಳಿ, ಓದುವಾಗ ಎಷ್ಟೋ ಜನ ಎಡವುವುದು ಇಲ್ಲೇ.

ಹಿತವಾದದ್ದು, ಚೆನ್ನಾಗಿರೋದು ಅನ್ನೋ ಅರ್ಥ ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ‘ಒಳ್ಳೆ ಮನಸ್ಸಿನವರು’ ಅನ್ನೋದು 19ನೇ ಶತಮಾನದ್ದು. ಒಂದು ಅರ್ಥ ಪೂರ್ತಿ ಹೋದ ಮೇಲೆ ಇನ್ನೊಂದು ಬಂತು ಅಂತಲ್ಲ, ಎಷ್ಟೋ ಕಾಲ ಎಲ್ಲವೂ ಒಟ್ಟಿಗೇ ಇದ್ದವು, ಹಾಗಾಗಿ 16, 17ನೇ ಶತಮಾನದ ಬರಹದಲ್ಲಿ ನೈಸ್ ಸಿಕ್ಕಿದರೆ ಅಲ್ಲಿ ಯಾವ ಅರ್ಥ ಅಂತ ಹೇಳೋದು ಕೆಲವು ಸಲ ಪಂಡಿತರಿಗೂ ಕಷ್ಟ. ಇದಕ್ಕೆ ಸರಿ ಎದುರು ದಾರಿ ಹಿಡಿದದ್ದು ‘ಸಿಲ್ಲಿ’. ಅದರ ಹಳೆಯ ರೂಪಕ್ಕೆ ಪುಣ್ಯವಂತ, ಸುಖಿ ಅಂತ ಅರ್ಥ. ಪುಣ್ಯವಂತ ಮುಗ್ಧನಾದ, ಮುಗ್ಧ ಅಯ್ಯೋ ಪಾಪ ಅನ್ನಿಸಿಕೊಂಡ, ಕೊನೆಗೆ ಪೆದ್ದನಾದ.

ಇದು ಇಂಗ್ಲಿಷಿನವರ ವಿಚಿತ್ರ ಅಂದುಕೊಳ್ಳಬೇಡಿ. ಈಗ ತಾನೇ ಮುಗ್ಧ ಅಂದೆನಲ್ಲ, ಅದನ್ನೇ ನೋಡಿ. ಮಗುವಿನ ನಗುವನ್ನು ಮುಗ್ಧ ಅಂತ ಪ್ರೀತಿಯಿಂದ ಹೇಳುತ್ತೇವೆ. ಆದರೆ ಸಂಸ್ಕೃತದಲ್ಲಿ ಮುಗ್ಧ, ಮೂಢ ಎರಡೂ ‘ಮುಹ್’ ಅನ್ನೋ ಒಂದೇ ಧಾತುವಿನ ಮಕ್ಕಳು. ಬುದ್ಧಿ ಮಂಕಾಗುವುದು, ದಾರಿ ತಪ್ಪುವುದು ಅಂತ ಅದರ ಅರ್ಥ. ಮೂಢ ಅಲ್ಲೇ ಉಳಿದ, ಮುಗ್ಧ ಮಾತ್ರ ನೈಸ್ ಹಾಗೆ ಮೇಲಕ್ಕೆ ಬಂದ. ನನಗೆ ಈ ಜೋಡಿ ಬಹಳ ಇಷ್ಟ.

ಕನ್ನಡಕ್ಕೆ ಬಂದ ಮೇಲೂ ನೈಸ್ ಸುಮ್ನೆ ಕೂತಿಲ್ಲ. ಪುಡಿ ನೈಸಾಗಿರಲಿ ಅಂದರೆ ನುಣ್ಣಗಿರಲಿ ಅಂತ. ನೈಸಾಗಿ ಜಾರಿಕೊಂಡ ಅಂದರೆ ಯಾರಿಗೂ ಗೊತ್ತಾಗದ ಹಾಗೆ ಹೋದ ಅಂತ. ಇನ್ನು ‘ನನಗೇ ನೈಸ್ ಮಾಡ್ತೀಯಾ?’ ಅಂತ ಮಗಳನ್ನು ನೀವೂ ಕೇಳಿರುತ್ತೀರಿ, ಅಲ್ಲಿ ಅದಕ್ಕೆ ಪುಸಲಾಯಿಸೋದು ಅಂತ ಅರ್ಥ. ಇದನ್ನು ಇಂಗ್ಲಿಷಿನವರಿಗೆ ನಾವೇ ವಿವರಿಸಿ ಹೇಳಬೇಕು.