ಕರೆಂಟಕ್ಕನ ಕಟ್ಟೆ: ನಮ್ಮೂರಿನ ಕರೆಂಟು ನಾವೇ ಮಾಡಿಕೊಂಡರೆ?

ಕಳೆದ ಮಳೆಗಾಲದಿಂದ ಒಂದೇ ಬಗೆಯ ಪತ್ರಗಳು ಬರ್ತಾ ಇವೆ. ಲೈನು ನಂಬಿಕೊಂಡು ಸಾಕಾಯಿತು, ಊರಿಗೆ ನಮ್ಮದೇ ಕರೆಂಟು ಮಾಡಿಕೊಳ್ಳಬಹುದಾ ಅಂತ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೇ ಉತ್ತರ ಕೊಡುತ್ತೇನೆ. ಮಿಕ್ಸಿ ಕಾಯಿಲ್ ಸುಟ್ಟವರು ಮುಂದಿನ ಸಂಚಿಕೆಯವರೆಗೆ ಒರಳುಕಲ್ಲಿನಲ್ಲಿ ರುಬ್ಬಿಕೊಳ್ಳಿ.

ಪ್ರಶ್ನೆ: ಅಕ್ಕಾ, ನಮ್ಮದು ಸಿದ್ದಾಪುರ ತಾಲ್ಲೂಕಿನ ಇಪ್ಪತ್ತೆಂಟು ಮನೆಗಳ ಹಳ್ಳಿ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ನಾಲ್ಕೈದು ದಿನ ಕತ್ತಲು. ಎಲ್ಲರೂ ದುಡ್ಡು ಹಾಕಿ ಊರಿಗೊಂದು ಸೋಲಾರ್ ಘಟಕ ಮಾಡಿ, ಮನೆಮನೆಗೂ ತಂತಿ ಎಳೆಯೋಣ ಅಂತಿದ್ದೇವೆ. ಇದಕ್ಕೆ ಮೈಕ್ರೋಗ್ರಿಡ್ ಅನ್ನುತ್ತಾರಂತೆ. ಎಷ್ಟು ಕಿಲೋವ್ಯಾಟ್ ಹಾಕಿಸಬೇಕು?
– ಅಡಿಕೆ ಬೆಳೆಗಾರ

ಉತ್ತರ: ತಮ್ಮಾ, ಎಷ್ಟು ಕಿಲೋವ್ಯಾಟ್ ಅನ್ನೋದು ಕೊನೆಗೆ ಕೇಳುವ ಪ್ರಶ್ನೆ. ಮೊದಲು ಇದನ್ನು ಹೇಳಿ: ರಾತ್ರಿ ಎಂಟು ಗಂಟೆಗೆ ಊರಿನ ದೊಡ್ಡ ಮನೆಯವರು ಗೀಸರ್ ಹಾಕಿದರೆ, ಹೋಗಿ ಆಫ್ ಮಾಡಿಸುವವರು ಯಾರು? ಇದಕ್ಕೆ ಉತ್ತರ ಸಿಗುವವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಕಡೆ ಕರೆಂಟು ಕೈಕೊಡೋದು ಜೂನ್‌ನಿಂದ ಆಗಸ್ಟ್‌ವರೆಗೆ. ಅದೇ ಹೊತ್ತಿಗೆ ಬಿಸಿಲೂ ಇರುವುದಿಲ್ಲ. ಒಳ್ಳೆ ಬಿಸಿಲಿನ ದಿನ ಒಂದು ಕಿಲೋವ್ಯಾಟ್ ಪ್ಯಾನೆಲ್ ಸುಮಾರು 4 ಯೂನಿಟ್ ಕೊಡುತ್ತದೆ. ಮೂರು ದಿನ ಮೋಡ ಕವಿದು ಹೊಡೆಯುವ ಮಳೆಯಲ್ಲಿ ಅದರ ಅರ್ಧವೂ ಸಿಗೋದಿಲ್ಲ. ಬರೀ ಸೋಲಾರ್ ನಂಬಿದರೆ, ಬೇಡದ ಕಾಲದಲ್ಲಿ ಜಾಸ್ತಿ, ಬೇಕಾದ ಕಾಲದಲ್ಲಿ ಖಾಲಿ.

ಆದರೆ ಆ ಮೂರು ತಿಂಗಳು ನಿಮ್ಮಲ್ಲಿ ಇನ್ನೊಂದು ಧಾರಾಳವಾಗಿರುತ್ತದೆ, ನೀರು. ಹಲವು ಮನೆಗಳಿಗೆ ಗುಡ್ಡದಿಂದ ಅಬ್ಬಿ ನೀರು ಬರುತ್ತಿರಬೇಕು, ಅಲ್ವಾ? ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಎಷ್ಟೋ ಒಂಟಿಮನೆಗಳಲ್ಲಿ ಇಂಥದೇ ನೀರಿನಿಂದ ಕರೆಂಟು ಮಾಡುವ ಒಂದು ಕಿಲೋವ್ಯಾಟಿನ ಪುಟ್ಟ ಟರ್ಬೈನು ತಿರುಗುತ್ತದೆ. ಲೆಕ್ಕ ಸುಲಭ. ನೀರು ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ, ಎರಡನ್ನೂ ಗುಣಿಸಿ, ಮತ್ತೆ 5ರಿಂದ ಗುಣಿಸಿ. ಬಂದದ್ದು ಹೆಚ್ಚುಕಡಿಮೆ ನಿಮಗೆ ಸಿಗುವ ವ್ಯಾಟ್. 30 ಮೀಟರ್ ಎತ್ತರ, 20 ಲೀಟರ್ ನೀರು ಅಂದರೆ 3,000 ವ್ಯಾಟ್. ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 72 ಯೂನಿಟ್. ಇಷ್ಟನ್ನು ಸೋಲಾರ್‌ನಿಂದ ತೆಗೆಯಬೇಕಾದರೆ ಚೆನ್ನಾಗಿ ಬಿಸಿಲಿದ್ದಾಗಲೂ 18 ಕಿಲೋವ್ಯಾಟ್ ಪ್ಯಾನೆಲ್ ಬೇಕು.

ಅಳೆಯೋಕೆ ಎಂಜಿನಿಯರ್ ಬೇಡ. 200 ಲೀಟರಿನ ಡ್ರಮ್ಮು ಹತ್ತು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 20 ಲೀಟರ್. ಎತ್ತರಕ್ಕೆ, ಈಗಿರುವ ಪೈಪಿನ ತುದಿ ಮುಚ್ಚಿ ಒಂದು ಪ್ರೆಶರ್ ಗೇಜ್ ಹಾಕಿ. 3 ಕೆಜಿ ತೋರಿಸಿದರೆ 30 ಮೀಟರ್. ಮಳೆಗಾಲದಲ್ಲೊಮ್ಮೆ, ಜನವರಿಯಲ್ಲೊಮ್ಮೆ ಅಳೆಯಿರಿ. ಬೇಸಿಗೆಗೆ ಹಳ್ಳ ಬತ್ತುತ್ತದೆ, ಆಗ ಸೋಲಾರ್ ಕೆಲಸಕ್ಕೆ ಬರುತ್ತದೆ. ಅಂದರೆ ನಿಮಗೆ ಎರಡೂ ಬೇಕು, ಎರಡೂ ಸಣ್ಣದೇ ಸಾಕು. ಪೈಪು ಬೆಟ್ಟದ ಜಾಗದಲ್ಲಿ ಹಾದುಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಬಿಡಿ.

3,000 ವ್ಯಾಟನ್ನು ಇಪ್ಪತ್ತೆಂಟು ಮನೆಗೆ ಹಂಚಿದರೆ ಮನೆಗೆ ನೂರು ಚಿಲ್ಲರೆ. ಕಡಿಮೆ ಆಯ್ತು ಅನ್ನಿಸಬಹುದು. ಆದರೆ ನಾಲ್ಕು ಎಲ್ಇಡಿ ಬಲ್ಬು, ಕಡಿಮೆ ಕರೆಂಟು ಎಳೆಯುವ ಒಂದು ಬಿಎಲ್‌ಡಿಸಿ ಫ್ಯಾನು, ಎರಡು ಮೊಬೈಲ್ ಚಾರ್ಜಿಗೆ ಅಷ್ಟು ಧಾರಾಳ. ಒಂದು ಗೀಸರಿಗೆ 2,000 ವ್ಯಾಟ್ ಬೇಕು. ಇಂಡಕ್ಷನ್ ಒಲೆಯದೂ ಹೆಚ್ಚುಕಡಿಮೆ ಅಷ್ಟೇ. 5 ಎಚ್‌ಪಿ ಪಂಪು ಹಾಕಿದರಂತೂ ಇಡೀ ಊರು ಕತ್ತಲೆ. ಅದಕ್ಕೇ ಗೀಸರಿನ ಮಾತು ಮೊದಲೇ ಎತ್ತಿದ್ದು.

ನಾನು ಕೆಲಸದಲ್ಲಿದ್ದಾಗ ಘಟ್ಟದ ಮೇಲಿನ ಒಂದು ಕೇರಿಯಲ್ಲಿ ಹೀಗೇ ಹಳ್ಳದ ಟರ್ಬೈನು ಹಾಕಿದ್ದರು. ಊರಿನ ಹೆಸರು ಬೇಡ. ಯಂತ್ರ ಚೆನ್ನಾಗಿತ್ತು. ಮೇಲೆ ನೀರು ಒಳಗೆ ಬರುವ ಜಾಗದಲ್ಲಿ ಒಂದು ಕಬ್ಬಿಣದ ಜಾಲರಿ ಇತ್ತು. ಗಾಳಿಮಳೆ ಬಂದರೆ ಅದಕ್ಕೆ ದರಕು, ಕಡ್ಡಿ, ಕೆಸರು ಮೆತ್ತಿಕೊಳ್ಳುತ್ತಿತ್ತು. ಕೆಳಗೆ ಬಲ್ಬು ಮಂಕಾಗುತ್ತಿತ್ತು. ಯಾರಾದರೂ ಕೊಪ್ಪೆ ಹಾಕಿಕೊಂಡು, ಕಾಲಿಗೆ ಸುಣ್ಣ ತಂಬಾಕು ಬಳಿದುಕೊಂಡು, ಉಂಬಳ ಕೀಳುತ್ತಾ ಗುಡ್ಡ ಹತ್ತಿ ಜಾಲರಿ ಬಳಿದು ಬರಬೇಕು. ಮೊದಲ ವರ್ಷ ಹುಡುಗರು ಸ್ಪರ್ಧೆ ಕಟ್ಟಿ ಹೋದರು. ಆಮೇಲೆ ಆ ಕೆಲಸ ಹತ್ತಿರದ ಮನೆಯವನೊಬ್ಬನ ತಲೆಗೇ ಕಟ್ಟಿತು. ಅವನಿಗೆ ಕೂಲಿ ಇಲ್ಲ, ಬೈಗುಳ ಮಾತ್ರ. ಒಂದು ದಿನ ಅವನು ವಾಲ್ವ್ ತಿರುಗಿಸಿ, ಹ್ಯಾಂಡಲ್ ಕಳಚಿಕೊಂಡು ಮನೆಗೆ ಹೋದ. ನನ್ನ ಕೇಳಿದರೆ ಅವನದೇನೂ ತಪ್ಪಿಲ್ಲ. ಜಾಲರಿ ಬಳಿಯುವವನಿಗೆ ತಿಂಗಳ ಸಂಬಳ ಅಂತ ಲೆಕ್ಕದ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಇನ್ನು ಹಂಚಿಕೆ. ಪ್ರತಿ ಮನೆಗೂ ಒಂದು ಆಂಪಿಯರಿನ ಎಂಸಿಬಿ (ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿ, ಡಬ್ಬಿಗೆ ಸೀಲ್ ಮಾಡಿ. ಸುಮಾರು 230 ವ್ಯಾಟಿಗಿಂತ ತುಂಬಾ ಜಾಸ್ತಿ ಎಳೆದರೆ ಟ್ರಿಪ್ ಆಗುತ್ತದೆ. ಯಾರೂ ಯಾರ ಮನೆಗೂ ಹೋಗಿ ಜಗಳ ಆಡಬೇಕಾಗಿಲ್ಲ. ಎಲ್ಲ ಮನೆಯೂ ಒಟ್ಟಿಗೆ ಅಷ್ಟು ಎಳೆಯೋದಿಲ್ಲ, ಹಾಗಾಗಿ ಹೊಂದಿಕೊಳ್ಳುತ್ತದೆ.

ಹೀಗೆ ಮಿತಿ ಹಾಕಿಕೊಂಡು ನಡೆಸುವವರು ಬೇರೆ ಕಡೆಯೂ ಇದ್ದಾರೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಗ್ ಅಂತ ಒಂದು ದ್ವೀಪವಿದೆ. ಸುಮಾರು ನೂರು ಜನ. 1997ರಲ್ಲಿ ಊರವರೇ ಮುಂದೆ ನಿಂತು ದ್ವೀಪವನ್ನು ಜಮೀನ್ದಾರರಿಂದ ಕೊಂಡರು. ಮುಖ್ಯ ನೆಲದ ಲೈನು ಅಲ್ಲಿಗೆ ಬಂದಿಲ್ಲ. ಹೆಚ್ಚಿನ ಮನೆಗಳಲ್ಲಿ ಡೀಸೆಲ್ ಜನರೇಟರ್ ಇತ್ತು. 2008ರಿಂದ ನೀರು, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ಬ್ಯಾಟರಿಯೊಂದಿಗೆ ಇಡೀ ದ್ವೀಪಕ್ಕೆ ಒಂದೇ ಗ್ರಿಡ್ ನಡೆಸುತ್ತಿದ್ದಾರೆ. ಮನೆಗೆ 5 ಕಿಲೋವ್ಯಾಟ್, ಅಂಗಡಿ ಮುಂಗಟ್ಟಿಗೆ 10 ಕಿಲೋವ್ಯಾಟ್ ಮಿತಿ. ಸಾಹುಕಾರನಾದರೂ ಅಷ್ಟೇ, ಬಡವನಾದರೂ ಅಷ್ಟೇ. ಕರೆಂಟು ಕಡಿಮೆ ಇದ್ದಾಗ ಕೆಂಪು ಅಂತ ತಿಳಿಸುತ್ತಾರೆ, ಜನ ಬಳಕೆ ತಗ್ಗಿಸುತ್ತಾರೆ. ಜಾಸ್ತಿ ಆದಾಗ ಸುಮ್ನೆ ಹಾಳು ಮಾಡದೆ ಸಮುದಾಯ ಭವನ ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ಈ ಕೊನೆಯದು ನಿಮಗೂ ಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಟರ್ಬೈನಿಗೆ ಲೋಡ್ ಇಲ್ಲದೆ ಓಟ ಜಾಸ್ತಿಯಾಗಿ ವೋಲ್ಟೇಜ್ ಏರಿ ಬಲ್ಬು ಸಿಡಿಯುತ್ತದೆ. ಅದಕ್ಕೆ ಲೋಡ್ ಕಂಟ್ರೋಲರ್ ಅಂತ ಒಂದು ಪೆಟ್ಟಿಗೆ ಬರುತ್ತದೆ. ಉಳಿದ ಕರೆಂಟನ್ನು ಅದು ಹೀಟರ್ ಕಾಯಿಲಿಗೆ ಕಳಿಸುತ್ತದೆ. ಆ ಕಾಯಿಲನ್ನು ಯಾರದಾದರೂ ಬಚ್ಚಲ ಹಂಡೆಗೆ ಇಡಿ. ಯಾರ ಹಂಡೆ ಅನ್ನೋದಕ್ಕೆ ಪಾಳಿ ಹಾಕಿಕೊಳ್ಳಿ. ಜಗಳ ಬಂದರೆ ದೇವಸ್ಥಾನಕ್ಕೋ ಶಾಲೆಗೋ ಕೊಡಿ.

ದುಡ್ಡು ಎತ್ತುವ ಕೆಲಸ ಸ್ತ್ರೀಶಕ್ತಿ ಸಂಘದವರಿಗೆ ವಹಿಸಿ. ವಾರವಾರ ಲೆಕ್ಕ ಬರೆದು ರೂಢಿಯಿದೆ. ಗಂಡಸರ ಕಮಿಟಿಗಳು ಮೊದಲು ಮಾಡುವ ಕೆಲಸ ಉದ್ಘಾಟನೆಗೆ ಯಾರನ್ನು ಕರೆಯೋಣ ಅನ್ನೋದು. ನನ್ನ ಅನುಭವ ಹೇಳಿದೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಇದೆಲ್ಲ ವಿದೇಶದ ಐಡಿಯಾ. ನಮ್ಮ ಕರ್ನಾಟಕದ ಹಳ್ಳಿಗೆ ಹೊಂದುತ್ತದೆಯೇ ಮೇಡಂ?
– ತುಮಕೂರಿನಿಂದ ಒಬ್ಬ ಶಿಕ್ಷಕರು

ಉತ್ತರ: ಮೇಷ್ಟ್ರೇ, ನಿಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲೇ ಇದು ಆಗಿಹೋಗಿದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ ‘ಅಸ್ತ್ರ’ ಅಂತ ಒಂದು ವಿಭಾಗ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಪುರ ಅನ್ನೋ ಹಳ್ಳಿಯಲ್ಲಿ ಅವರು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿಸಿದರು. ಮೊದಲು ಅಡುಗೆಗೆ ಅಂತ. ಇರುವ ಸಗಣಿಯಲ್ಲಿ ಎಲ್ಲರ ಒಲೆಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಅರ್ಧಂಬರ್ಧ ಉರಿದರೆ ಅನ್ನ ಬೇಯುತ್ತದೆಯೇ? ಜನ ಕೈಬಿಟ್ಟರು.

ಅದೇ ಗ್ಯಾಸನ್ನು 1987ರಿಂದ ಎಂಜಿನ್ನಿಗೆ ಕೊಟ್ಟು ಕರೆಂಟು ಮಾಡಿದರು. ಆ ಕರೆಂಟಿನಲ್ಲಿ ಬೋರ್‌ವೆಲ್ಲಿನ ನೀರು ಮೇಲೆತ್ತಿ ನಲ್ಲಿಗೆ ಬಿಟ್ಟರು, ಮನೆಗೆ ಬಲ್ಬು ಹಾಕಿದರು. ಆಗ ನಡೆಯಿತು. ಸಗಣಿಯನ್ನು ತೂಗಿ ತೆಗೆದುಕೊಂಡು ದುಡ್ಡು ಕೊಡುತ್ತಿದ್ದರು, ಗ್ಯಾಸ್ ತೆಗೆದ ಬಗ್ಗಡ ಗೊಬ್ಬರಕ್ಕೆ ವಾಪಸ್. ಸಗಣಿ ಕೊಡದೆ ತಪ್ಪಿಸಿಕೊಂಡರೆ ಊರಿನ ನೀರು ನಿಲ್ಲುತ್ತದೆ, ಅದರ ಜೊತೆ ತಪ್ಪಿಸಿಕೊಂಡವನ ಮನೆಯ ನಲ್ಲಿಯೂ. ಬಿಂದಿಗೆ ಹೊರುವವರು ಹೆಂಗಸರು. ಅವರು ಸುಮ್ಮನೆ ಬಿಟ್ಟಾರೆಯೇ? ಯಾವುದೇ ನಿಯಮಕ್ಕಿಂತ ಇದು ಗಟ್ಟಿ ಕಾವಲು. ಬರೀ ಬಲ್ಬು ಇದ್ದರೆ ಜನ ಸೀಮೆಎಣ್ಣೆ ದೀಪ ಹಚ್ಚಿಕೊಂಡು ಸುಮ್ಮನಾಗುತ್ತಿದ್ದರೋ ಏನೋ.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆ ಗ್ಯಾಸಿಫೈಯರ್ ಬಂತು. ಕಟ್ಟಿಗೆ ತುಂಡನ್ನು ಅರೆಬರೆ ಉರಿಸಿ, ಆ ಗ್ಯಾಸಿನಿಂದ ಎಂಜಿನ್ ಓಡಿಸೋದು. ಕಟ್ಟಿಗೆಗೆ ಊರ ಪಕ್ಕದಲ್ಲೇ ಮರ ಬೆಳೆಸಿದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲ ಅದರಲ್ಲೇ. ಮಕ್ಕಳಿಗೆ ಇದನ್ನು ಪಾಠದ ಜೊತೆ ಹೇಳಿ ಮೇಷ್ಟ್ರೇ, ಹತ್ತಿರದ ಊರು.

ಪ್ರಶ್ನೆ: ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಸಿಗುವಾಗ ಊರಿನ ಕರೆಂಟಿಗೆ ದುಡ್ಡು ಕೊಡುವವರು ಯಾರು?
– ಹಾವೇರಿಯ ಓದುಗರು

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಪೂರ್ತಿ 200 ಅಲ್ಲ, ನಿಮ್ಮ ಮನೆಯ 2022-23ರ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು. ಆದರೂ ಪುಕ್ಕಟೆ ಪುಕ್ಕಟೆಯೇ.

ಬಿಹಾರದ ಜಹಾನಾಬಾದ್ ಜಿಲ್ಲೆಯಲ್ಲಿ ಧರ್ನಾಯಿ ಅನ್ನೋ ಊರಿದೆ. ವರ್ಷಗಟ್ಟಲೆ ಕತ್ತಲಲ್ಲಿದ್ದ ಊರು. 2014ರಲ್ಲಿ ಅಲ್ಲಿ 100 ಕಿಲೋವ್ಯಾಟಿನ ಸೋಲಾರ್ ಮೈಕ್ರೋಗ್ರಿಡ್ ಹಾಕಿದರು. ದೇಶವೆಲ್ಲ ಸುದ್ದಿ. ಮಾಜಿ ಮುಖ್ಯಮಂತ್ರಿ ಬಂದಾಗ ಊರವರು ಕೇಳಿದ್ದೇನು ಗೊತ್ತಾ? ನಮಗೆ ನಿಜವಾದ ಕರೆಂಟು ಕೊಡಿ ಅಂತ. ಸೋಲಾರ್‌ನಲ್ಲಿ ಫ್ರಿಜ್ಜು ಓಡಿಸುವಂತಿಲ್ಲ, ಯೂನಿಟ್ ರೇಟೂ ಜಾಸ್ತಿ. ಸರ್ಕಾರದ ಲೈನು ಬಂತು, ಅಗ್ಗಕ್ಕೆ ಸಿಕ್ಕಿತು, ಜನ ಆ ಕಡೆ ಹೋದರು. ಬ್ಯಾಟರಿ ಸತ್ತಾಗ ಬದಲಾಯಿಸಲು ದುಡ್ಡಿರಲಿಲ್ಲ. ಕೊನೆಗೆ ಆ ಜಾಗ ದನ ಕಟ್ಟುವುದಕ್ಕೆ ಬಳಕೆಯಾಯಿತು.

ಹಾಗಾಗಿ ಲೈನಿನ ಜೊತೆ ಪೈಪೋಟಿಗೆ ಇಳಿಯಬೇಡಿ, ಸೋಲುತ್ತೀರಿ. ಲೈನು ಇದ್ದಾಗ ಲೈನು. ಇಲ್ಲದಾಗ ನೀರಿನ ಪಂಪು, ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ಜು, ಹಾಲಿನ ಡೇರಿ, ಮನೆಗೆರಡು ಬಲ್ಬು. ಇಷ್ಟಕ್ಕೆ ಮಾತ್ರ ಊರಿನ ಕರೆಂಟು ಅಂತ ಇಟ್ಟುಕೊಂಡರೆ ಘಟಕ ಸಣ್ಣದಾಗುತ್ತದೆ, ಖರ್ಚು ಇಳಿಯುತ್ತದೆ. ದುಡ್ಡನ್ನು ಯೂನಿಟ್ ಲೆಕ್ಕದಲ್ಲಿ ಎತ್ತಬೇಡಿ. ಬಳಸಿದರೂ ಬಳಸದಿದ್ದರೂ ತಿಂಗಳಿಗೆ ಇಷ್ಟು ಅಂತ ಕಟ್ಟಿಸಿಕೊಂಡು, ಅದರಲ್ಲಿ ಬ್ಯಾಟರಿಯ ಪಾಲನ್ನು ಬೇರೆ ಖಾತೆಯಲ್ಲಿಡಿ. ಆ ಖಾತೆಗೆ ಜಾತ್ರೆ ಸಮಯದಲ್ಲಿ ಯಾರೂ ಕೈ ಹಾಕಬಾರದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮೇಲೆ ಸೋಲಾರ್ ಇದೆ. ಮಟಮಟ ಮಧ್ಯಾಹ್ನ ಲೈನಿನ ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ. ಮೋಸ ಹೋದೆವಾ?
– ಬೆಂಗಳೂರು ಓದುಗರು

ಉತ್ತರ: ಇಲ್ಲ. ನಿಮ್ಮದು ಆನ್-ಗ್ರಿಡ್ ಇನ್ವರ್ಟರ್, ಅಂದರೆ ಲೈನಿಗೆ ಜೋಡಿಸಿಕೊಂಡೇ ನಡೆಯುವಂಥದ್ದು. ಲೈನಿನಲ್ಲಿ ಕರೆಂಟಿಲ್ಲ ಅಂತ ಗೊತ್ತಾದ ಕೂಡಲೇ ತಾನೂ ಬಂದ್ ಆಗಲೇಬೇಕು. ಲೈನ್‌ಮ್ಯಾನ್ ಸುರಕ್ಷತೆಗಾಗಿ ಇರುವ ನಿಯಮ ಅದು. ಲೈನು ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ. ಆದರೆ ನೀರಿನ ಪಂಪು, ಮೆಟ್ಟಿಲ ದೀಪಗಳಿಗೆ ಮಾತ್ರ ಲೆಕ್ಕ ಹಾಕಿ. ಲಿಫ್ಟ್ ಸೇರಿಸಿದರೆ ಖರ್ಚು ಏರುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಇಂಥ ಸಾಮಾನ್ಯ ಬಳಕೆಯ ಸೋಲಾರ್‌ಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ವಿಚಾರಿಸಿ.

ಪ್ರಶ್ನೆ: ಊರೊಳಗೆ ನಾವೇ ಕರೆಂಟು ಹಂಚಿದರೆ ಕೇಸಾಗುತ್ತದೆಯೇ? ಈಗಿರುವ ಮನೆ ವೈರಿಂಗಿಗೇ ಜೋಡಿಸಬಹುದೇ?
– ಮೂಡಿಗೆರೆ ಓದುಗರು

ಉತ್ತರ: 2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಗ್ರಾಮೀಣ ಪ್ರದೇಶದಲ್ಲಿ ಕರೆಂಟು ಉತ್ಪಾದಿಸಿ ಹಂಚುವವರಿಗೆ ಲೈಸೆನ್ಸ್ ಬೇಕಿಲ್ಲ. ಸುರಕ್ಷತೆಯ ನಿಯಮಗಳನ್ನು ಮಾತ್ರ ಪಾಲಿಸಲೇಬೇಕು. ಇಲಾಖೆಯ ಕಂಬಕ್ಕೆ ನಿಮ್ಮ ತಂತಿ ಕಟ್ಟುವಂತಿಲ್ಲ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಗಟ್ಟಿಯಾಗಿ: ಬೇಡ. ಊರಿನ ಕರೆಂಟಿಗೆ ಬೇರೆಯೇ ವೈರಿಂಗ್, ಬೇರೆಯೇ ಬಲ್ಬು ಇರಲಿ. ನಿಮ್ಮ ಕರೆಂಟು ಮನೆ ವೈರಿಂಗಿನ ಮೂಲಕ ಹಿಂದಕ್ಕೆ ಹರಿದು ಟಿಸಿಗೆ (ಊರಿನ ಟ್ರಾನ್ಸ್‌ಫಾರ್ಮರಿಗೆ) ಹೋದರೆ, ಅಲ್ಲಿ ಅದು ಉಲ್ಟಾ ಕೆಲಸ ಮಾಡಿ ಮೇಲಿನ ಲೈನಿನಲ್ಲಿ 11,000 ವೋಲ್ಟ್ ಎಬ್ಬಿಸಬಹುದು. ಅದೇ ಹೊತ್ತಿಗೆ ಬಿದ್ದ ಮರ ಕಡಿದು ತಂತಿ ಎಳೆಯುತ್ತಿರುವ ಲೈನ್‌ಮ್ಯಾನ್ ಕಂಬದ ಮೇಲಿರುತ್ತಾನೆ. ಅವನು ಫ್ಯೂಸ್ ತೆಗೆದೇ ಹತ್ತಿರುತ್ತಾನೆ, ಆದರೆ ನಿಮ್ಮ ಕಡೆಯಿಂದ ಬರುವುದು ಅವನಿಗೆ ಹೇಗೆ ಗೊತ್ತಾಗಬೇಕು? ಬೇರೆ ವೈರಿಂಗ್ ಆಗೋದೇ ಇಲ್ಲ ಅನ್ನುವ ಮನೆಗೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಎರಡೂ ಕರೆಂಟು ಒಟ್ಟಿಗೆ ಕೂಡದಂತೆ ಅದು ತಡೆಯುತ್ತದೆ. ನ್ಯೂಟ್ರಲ್ ಕೂಡ ಕಡಿಯುವಂಥದ್ದನ್ನೇ ಹಾಕಿಸಿ. ಅದರ ಬೆಲೆ ಕೇಳಿ ಹಿಂದೇಟು ಹಾಕುವ ಮನೆಯಿದ್ದರೆ, ಆ ಮನೆ ಬಿಟ್ಟು ಮುಂದಿನ ಮನೆಗೆ ತಂತಿ ಎಳೆಯಿರಿ.