ಬ್ರಾಂಪ್ಟನ್‌ಗೆ ಹೊಸದಾಗಿ ಬಂದವರಿಗೆ: ಒಟ್ಟಾವ ಆಮೇಲೆ, ಮೊದಲು ನಿಮ್ಮ ವಾರ್ಡು

ನೀವು ಕೇಳಿದ್ದು ಇಷ್ಟು. ಪಿಆರ್ (ಕಾಯಂ ವಾಸದ ಅನುಮತಿ) ಮೇಲೆ ಕೆನಡಾದ ಬ್ರಾಂಪ್ಟನ್‌ಗೆ ಬಂದು ಕೆಲವೇ ತಿಂಗಳಾಗಿದೆ, ಬೇಸ್‌ಮೆಂಟ್‌ನಲ್ಲಿ ಬಾಡಿಗೆಗಿದ್ದೀರಿ, ಫ್ಯಾಮಿಲಿ ಡಾಕ್ಟರ್ ಇನ್ನೂ ಸಿಕ್ಕಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಟ್ರೂಡೊ, ಕಾರ್ನಿ, ಪೊಲಿಯೇವ್ ಅಂತ ಜೋರು ಮಾತು. ನಮ್ಮಂಥವರಿಗೆ ಯಾವ ಪಕ್ಷ ಒಳ್ಳೇದು, ಓಟೇ ಇಲ್ಲದ ಮೇಲೆ ಇದೆಲ್ಲ ನನಗ್ಯಾಕೆ ಅಂತ ಕೇಳಿದ್ದೀರಿ. ಅಕ್ಕಾ ಅಂತ ಕರೆದಿದ್ದೀರಿ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ.

ನಮ್ಮವರ ಊಟದ ಮನೆಯ ರಾಜಕೀಯವೆಲ್ಲ ಒಟ್ಟಾವದ, ಅಂದರೆ ಫೆಡರಲ್ ಸರ್ಕಾರದ ಸುತ್ತ ತಿರುಗುತ್ತದೆ. ನಿಮಗೆ ತೊಂದರೆ ಕೊಡುತ್ತಿರುವ ಸಂಗತಿಗಳು ಮಾತ್ರ ಬೇರೆ ಕಡೆ ತೀರ್ಮಾನವಾಗುತ್ತವೆ. ಡಾಕ್ಟರು, ಆಸ್ಪತ್ರೆ, ಶಾಲೆ, ಬಾಡಿಗೆ ಕಾನೂನು ಇವೆಲ್ಲ ನಮ್ಮ ಪ್ರಾಂತ್ಯವಾದ ಒಂಟಾರಿಯೊದ ಸರ್ಕಾರದ ಕೈಯಲ್ಲಿವೆ. ಬಸ್ಸು, ರಸ್ತೆಯ ಹಿಮ ತೆಗೆಯುವುದು, ಬೇಸ್‌ಮೆಂಟ್ ಮನೆಗಳ ರಿಜಿಸ್ಟ್ರೇಷನ್ ಇವು ನಗರಸಭೆಯ ಕೆಲಸ. ಆದರೆ ಜನ ಓಟು ಹಾಕುವುದು ಉಲ್ಟಾ ಕ್ರಮದಲ್ಲಿ. 2025ರ ಏಪ್ರಿಲ್‌ನ ಫೆಡರಲ್ ಚುನಾವಣೆಯಲ್ಲಿ ನೂರಕ್ಕೆ ಸುಮಾರು 69 ಮಂದಿ ಓಟು ಹಾಕಿದರು. ಅದೇ ವರ್ಷ ಫೆಬ್ರವರಿಯ ಒಂಟಾರಿಯೊ ಚುನಾವಣೆಯಲ್ಲಿ ಸುಮಾರು 45. 2022ರಲ್ಲಿ ಬ್ರಾಂಪ್ಟನ್ ನಗರಸಭೆಗೆ ಓಟು ಹಾಕಿದ್ದು ನಾಲ್ವರಲ್ಲಿ ಒಬ್ಬರು ಅಷ್ಟೇ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ನಿಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಮಿಸಿಸಾಗದಿಂದ ಹುರಾಂಟಾರಿಯೊ ರಸ್ತೆಯ ಮೇಲೆ ಎಲ್‌ಆರ್‌ಟಿ (ಲಘು ರೈಲು) ಹಳಿ ಹಾಕುತ್ತಿರುವುದು ನೋಡಿರುತ್ತೀರಿ. ಅದು ಸ್ಟೀಲ್ಸ್ ರಸ್ತೆ ಹತ್ತಿರ ಬಂದು ನಿಂತುಬಿಡುತ್ತದೆ, ಯಾಕೆ ಗೊತ್ತಾ? ಬ್ರಾಂಪ್ಟನ್ ಡೌನ್‌ಟೌನ್‌ವರೆಗೂ ಹಳಿ ಹಾಕಲು ಪ್ರಾಂತ್ಯ ಹಣ ಕೊಡುತ್ತೇನೆ ಎಂದಿತ್ತು. 2015ರ ಅಕ್ಟೋಬರ್‌ನಲ್ಲಿ ನಗರಸಭೆ ಮೇನ್ ಸ್ಟ್ರೀಟ್ ಮಾರ್ಗವನ್ನು ಬೇಡ ಎಂದಿತು. 6 ಓಟು ಬೇಡ, 5 ಓಟು ಬೇಕು. ಒಬ್ಬ ಕೌನ್ಸಿಲರ್ ಆ ಕಡೆಯಿಂದ ಈ ಕಡೆ ಬಂದಿದ್ದರೆ ಡೌನ್‌ಟೌನ್‌ವರೆಗೂ ಹಳಿ ಬೀಳುತ್ತಿತ್ತು. ಈಗ ಅದೇ ಮಾರ್ಗಕ್ಕೆ ಸುರಂಗ ತೋಡಿ ಕೊಡುತ್ತೇವೆ ಎಂದು ಹೊಸದಾಗಿ ಮಾತು ಕೊಟ್ಟಿದ್ದಾರೆ. ನಡುವೆ ಹೋದ ವರ್ಷಗಳೆಲ್ಲ ಬಸ್ಸಿಗೆ ಕಾದು ನಿಂತವರ ಲೆಕ್ಕಕ್ಕೇ ಹೋದವು.

ಆಸ್ಪತ್ರೆಯ ಕಥೆ ಇನ್ನೂ ಬೇಸರದ್ದು. 2021ರ ಜನಗಣತಿಯಲ್ಲಿ ಬ್ರಾಂಪ್ಟನ್ ಜನಸಂಖ್ಯೆ ಆರೂವರೆ ಲಕ್ಷ ದಾಟಿತ್ತು. ಆಗ ಇದ್ದ ಪೂರ್ಣ ಪ್ರಮಾಣದ ಆಸ್ಪತ್ರೆ ಒಂದೇ, ಬ್ರಾಂಪ್ಟನ್ ಸಿವಿಕ್. 2020ರ ಜನವರಿಯಲ್ಲಿ, ಕೋವಿಡ್ ಬರುವುದಕ್ಕೂ ಮೊದಲೇ, ನಗರಸಭೆ ಊರಿನಲ್ಲಿ ಆರೋಗ್ಯ ತುರ್ತುಸ್ಥಿತಿ ಇದೆ ಎಂದು ಘೋಷಿಸಿತು. ಆದರೆ ಆಸ್ಪತ್ರೆ ಕಟ್ಟುವ ಅಧಿಕಾರ ನಗರಸಭೆಗಿಲ್ಲ, ಅದು ಕ್ವೀನ್ಸ್ ಪಾರ್ಕ್‌ನದು. ಬೆಂಗಳೂರಿನವರಿಗೆ ವಿಧಾನಸೌಧ ಹೇಗೋ ನಮಗೆ ಕ್ವೀನ್ಸ್ ಪಾರ್ಕ್ ಹಾಗೆ. ಅಲ್ಲಿಗೆ ಹೋಗಿ ಕೂತವರನ್ನು ನಮ್ಮವರು ಒಮ್ಮೆಯೂ ಗಟ್ಟಿಯಾಗಿ ಕೇಳಲಿಲ್ಲ.

ಒಂಟಾರಿಯೊದ ಡಗ್ ಫೋರ್ಡ್ ಸರ್ಕಾರಕ್ಕೆ ನಾನು ಓಟು ಹಾಕಿಲ್ಲ. ದೊಡ್ಡ ಕಾರಣ ಬಾಡಿಗೆ. ಒಂಟಾರಿಯೊದಲ್ಲಿ ವರ್ಷಕ್ಕೆ ಬಾಡಿಗೆ ಎಷ್ಟು ಏರಿಸಬಹುದು ಅನ್ನುವುದಕ್ಕೆ ಮಿತಿ ಇದೆ, 2025ಕ್ಕೆ ಅದು ಶೇಕಡ 2.5 ಇತ್ತು. ಆದರೆ 2018ರ ನವೆಂಬರ್ 15ರ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಮನೆಗಳಿಗೆ ಈ ಸರ್ಕಾರ ಆ ಮಿತಿ ತೆಗೆದುಹಾಕಿತು. ಮನೆ ಮಾಲೀಕರು ಎಷ್ಟು ಬೇಕಾದರೂ ಏರಿಸಬಹುದು. ಹೊಸ ಕಾಂಡೊ ಹೊಳೆಯುತ್ತದೆ ಅಂತ ಹೊಸದಾಗಿ ಬಂದವರು ಮೊದಲು ಅಲ್ಲಿಗೇ ಹೋಗುತ್ತಾರೆ, ಒಂದು ವರ್ಷ ಕಳೆದ ಮೇಲೆ ನೋಟಿಸ್ ನೋಡಿ ಗಾಬರಿಯಾಗುತ್ತಾರೆ. ಮುಂದಿನ ಮನೆ ಹುಡುಕುವಾಗ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಮನೆ ಯಾವ ವರ್ಷದ್ದು ಎಂದು ಕೇಳಿ. ಇನ್ನೊಂದು ವಿಷಯ. 2025ರಲ್ಲಿ ಪ್ರಾಂತ್ಯದ ಚುನಾವಣೆಯನ್ನು ಒಂದು ವರ್ಷಕ್ಕೂ ಮುಂಚೆ, ಹಿಮದಲ್ಲಿ ತಂದರು. ಅದಕ್ಕೆ ಸ್ವಲ್ಪ ಮೊದಲು ಜನರಿಗೆ ತಲಾ 200 ಡಾಲರ್ ಚೆಕ್ ಬಂತು. ಪ್ರಾಂತ್ಯದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿಗೆ ಫ್ಯಾಮಿಲಿ ಡಾಕ್ಟರ್ ಇಲ್ಲದಿರುವಾಗ ಆ ದುಡ್ಡು ಹೋಗಬೇಕಾದ ಜಾಗ ಬೇರೆ ಇತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಮಿಗ್ರೇಷನ್ ಮಾತ್ರ ಒಟ್ಟಾವದ್ದೇ, ನಿಜ. ಅಲ್ಲೂ ಕಥೆ ಅರ್ಧ ಮಾತ್ರ ಹೇಳುತ್ತಾರೆ. "ಸ್ಟೂಡೆಂಟ್‌ಗಳು ಬಂದು ಬಾಡಿಗೆ ಏರಿಸಿದರು" ಅಂತ ನಮ್ಮವರೇ ಬೈಯುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 2019ರಲ್ಲಿ ಒಂಟಾರಿಯೊ ಸರ್ಕಾರ ಇಲ್ಲಿನ ಮಕ್ಕಳ ಕಾಲೇಜು ಫೀಸು ಶೇಕಡ 10 ಇಳಿಸಿ, ಆಮೇಲೆ ಏರದ ಹಾಗೆ ಕಟ್ಟಿಹಾಕಿತು. ಕೊರತೆ ಬಿದ್ದ ದುಡ್ಡನ್ನು ತಾನು ತುಂಬಿಕೊಡಲಿಲ್ಲ. ಕಾಲೇಜುಗಳು ಹೊರದೇಶದ ಮಕ್ಕಳಿಂದ ಹಲವು ಪಟ್ಟು ಫೀಸು ತೆಗೆದುಕೊಂಡು ಆ ಕೊರತೆ ತುಂಬಿದವು. ಒಟ್ಟಾವ ಪರ್ಮಿಟ್ ಕೊಡುತ್ತಲೇ ಹೋಯಿತು. ಇಷ್ಟು ಮಕ್ಕಳು ಎಲ್ಲಿ ಮಲಗುತ್ತಾರೆ ಅಂತ ಎರಡೂ ಸರ್ಕಾರಗಳು ಯೋಚಿಸಲಿಲ್ಲ. ಕೊನೆಗೆ 2024ರ ಜನವರಿಯಲ್ಲಿ ಪರ್ಮಿಟ್‌ಗೆ ಮಿತಿ ಹಾಕಿದರು, ಅಕ್ಟೋಬರ್‌ನಲ್ಲಿ ಪಿಆರ್ ಸಂಖ್ಯೆಯನ್ನೂ ಇಳಿಸಿ 2025ಕ್ಕೆ 3,95,000 ಎಂದರು. ಅಪ್ಪನ ಜಮೀನು ಅಡವಿಟ್ಟು ಬಂದ ಹುಡುಗರ ತಲೆ ಮೇಲೆ ತಪ್ಪು ಹೊರಿಸಿ ಎರಡೂ ಸರ್ಕಾರಗಳು ಕೈ ತೊಳೆದುಕೊಂಡವು. ನೀವು ದಯವಿಟ್ಟು ಆ ಮಾತಿಗೆ ದನಿಗೂಡಿಸಬೇಡಿ.

ಭಾರತ-ಕೆನಡಾ ಜಗಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2023ರಲ್ಲಿ ವೀಸಾ ನಿಂತಾಗ ಊರಿಗೆ ಹೋಗಲಾಗದೆ ಒದ್ದಾಡಿದವರನ್ನು ನಾನೂ ನೋಡಿದ್ದೇನೆ. 2025ರಲ್ಲಿ ಎರಡೂ ಕಡೆ ಮತ್ತೆ ಹೈಕಮಿಷನರ್‌ಗಳು ಬಂದರು, ಒಳ್ಳೆಯದಾಯಿತು. ಆದರೆ ಅದೊಂದನ್ನೇ ನೋಡಿ ಇಲ್ಲಿ ಪಕ್ಷ ಆರಿಸಿಕೊಂಡರೆ ನಿಮ್ಮ ಮಗುವಿನ ಶಾಲೆಗೆ ಟೀಚರ್ ಸಿಗುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಓಟಿಗೆ ಪೌರತ್ವ ಬೇಕು, ಅದಕ್ಕೆ ಐದು ವರ್ಷದಲ್ಲಿ 1,095 ದಿನ ಇಲ್ಲಿರಬೇಕು. ಆದರೆ ಪಿಆರ್ ಇದ್ದವರೂ ಫೆಡರಲ್ ಪಕ್ಷಗಳ ಸದಸ್ಯರಾಗಬಹುದು, ಅಭ್ಯರ್ಥಿ ಯಾರು ಅಂತ ಪಕ್ಷದೊಳಗೆ ಆರಿಸುವಾಗ ಓಟು ಹಾಕಬಹುದು. ಇದು ಸಣ್ಣ ವಿಷಯವಲ್ಲ. ಶಿರಾ ತಾಲ್ಲೂಕಿನ ಚಂದ್ರ ಆರ್ಯ ಅವರು 2015ರಿಂದ ಹತ್ತು ವರ್ಷ ನೇಪಿಯನ್ ಕ್ಷೇತ್ರದ ಸಂಸದರಾಗಿದ್ದರು, 2022ರಲ್ಲಿ ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತಾಡಿದರು. ನಾವೆಲ್ಲ ಆ ವಿಡಿಯೊ ಹಂಚಿಕೊಂಡು ಖುಷಿಪಟ್ಟೆವು. 2025ರಲ್ಲಿ ಲಿಬರಲ್ ಪಕ್ಷ ಅವರ ಟಿಕೆಟ್ ವಾಪಸ್ ತೆಗೆದುಕೊಂಡಿತು, ಕಾರಣವನ್ನು ಜನರ ಮುಂದೆ ಬಿಡಿಸಿ ಹೇಳಲಿಲ್ಲ. ಆ ಕ್ಷೇತ್ರದಿಂದ ಪಕ್ಷದ ಹೊಸ ನಾಯಕ ಕಾರ್ನಿ ನಿಂತು ಗೆದ್ದರು. ಪಕ್ಷ ಮಾಡಿದ್ದು ಸರಿಯಲ್ಲ ಅಂತಲೇ ನನ್ನ ಮಾತು. ಕಾರಣ ಏನೇ ಇರಲಿ, ಹತ್ತು ವರ್ಷ ಓಟು ಹಾಕಿದ ಜನರಿಗೆ ಅದನ್ನು ಹೇಳಬೇಕಿತ್ತು. ಆದರೆ ಗಟ್ಟಿಯಾಗಿ ಕೇಳಬೇಕಾದವರು ಪಕ್ಷದೊಳಗಿನ ಸದಸ್ಯರು. ನಮ್ಮವರಲ್ಲಿ ಹಾಗೆ ಸದಸ್ಯರಾದವರು ತೀರಾ ಕಡಿಮೆ.

2026ರ ಅಕ್ಟೋಬರ್ 26ಕ್ಕೆ ನಗರಸಭೆ ಚುನಾವಣೆ ಇದೆ. ಆ ಓಟಿನ ಚೀಟಿಯಲ್ಲಿ ಪಕ್ಷದ ಹೆಸರೇ ಇರುವುದಿಲ್ಲ. ಮೇಯರ್, ರೀಜನಲ್ ಕೌನ್ಸಿಲರ್, ಸಿಟಿ ಕೌನ್ಸಿಲರ್, ಶಾಲಾ ಟ್ರಸ್ಟಿ, ಹೀಗೆ ಹೆಸರುಗಳು ಮಾತ್ರ. ತುಂಬಾ ಜನ ಮೇಯರ್‌ಗೆ ಗುರುತು ಹಾಕಿ, ಉಳಿದ ಹೆಸರುಗಳು ಗೊತ್ತಿಲ್ಲ ಅಂತ ಹಾಗೇ ಬಿಟ್ಟು ಬರುತ್ತಾರೆ. ಬೇಸಿಗೆಯಿಂದಲೇ ಅಭ್ಯರ್ಥಿಗಳು ಬಾಗಿಲು ತಟ್ಟುತ್ತಾರೆ. ಓಟಿಲ್ಲ ಅಂತ ಸುಮ್ನೆ ಬಾಗಿಲು ಹಾಕಬೇಡಿ. ಬೇಸ್‌ಮೆಂಟ್ ಲೈಸೆನ್ಸ್ ವಿಷಯದಲ್ಲಿ ನಿಮ್ಮ ನಿಲುವೇನು, ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಬಸ್ಸು ಎಷ್ಟು ಗಂಟೆವರೆಗೆ ಅಂತ ನಿಲ್ಲಿಸಿ ಕೇಳಿ. ಹಾಗೆಯೇ ನಿಮ್ಮ ವಾರ್ಡಿನ ಕೌನ್ಸಿಲರ್ ಕಚೇರಿಗೆ ಈಗಲೇ ಫೋನ್ ಮಾಡಬಹುದು. ಅವರು ನಿಮ್ಮ ಹೆಸರು, ವಿಳಾಸ ಕೇಳಬಹುದು, ಆದರೆ ದೂರು ಹೇಳಲು ಪೌರತ್ವ ಬೇಕಾಗಿಲ್ಲ.